ಸದ್ದಿಲ್ಲದೆ ಹರಿದ ನೀರು



ಶೌಚಗೃಹದ ನೀರಿನ ತೊಟ್ಟಿಯನ್ನು ಕುರಿತು ಇಲ್ಲಿ ಬರೆಯುವುದು ಉಚಿತವೇ ಎಂಬ ಸಂಕೋಚ ನನಗೂ ಇತ್ತು. ಆದರೆ ಆ ತೊಟ್ಟಿಯ ದೆಸೆಯಿಂದ ಒಬ್ಬರ ಮನಸ್ಸನ್ನು ಅನ್ಯಾಯವಾಗಿ ನೋಯಿಸಿದ್ದೇನೆ. ಆದ್ದರಿಂದ ಬರೆಯದೆ ಇರಲಾರೆ.

2023ರ ಮುಂಗಾರು ಕೈಕೊಟ್ಟು, 2024ರ ಮಾರ್ಚ್ ವೇಳೆಗೆ ಬೆಂಗಳೂರು ನೀರಿಗಾಗಿ ಪರಿತಪಿಸಿದ್ದು ತಮಗೆ ನೆನಪಿರಬಹುದು. ಕುಡಿಯುವ ನೀರಿನಲ್ಲಿ ವಾಹನ ತೊಳೆದರೆ 5,000 ರೂಪಾಯಿ ದಂಡವೆಂದು ಜಲಮಂಡಳಿ ಆದೇಶಿಸಿತ್ತು. ನಮ್ಮ ಮನೆಯ ಕೊಳವೆಬಾವಿಯೂ ಬತ್ತಿತು. 5 ಕಿ.ಮೀ. ಒಳಗೆ 6,000 ಲೀಟರಿನ ಟ್ಯಾಂಕರಿಗೆ ಜಿಲ್ಲಾಡಳಿತವು 600 ರೂಪಾಯಿ ದರ ಗೊತ್ತುಪಡಿಸಿತ್ತು. ಹಣ ಹಿಡಿದು ನಿಂತರೂ ನಮ್ಮ ಬೀದಿಗೆ ಟ್ಯಾಂಕರು ಬರುವುದೇ ದುರ್ಲಭವಾಗಿತ್ತು.

ಸಂಪಿಗೆ ತುಂಬಿಸಿದ ನೀರು ಲೆಕ್ಕಕ್ಕಿಂತ ಬೇಗ ಮುಗಿಯುತ್ತಿತ್ತು. ಮನೆಯಲ್ಲಿರುವವರು ವೃದ್ಧರಾದ ನಾವಿಬ್ಬರೇ. ನನ್ನ ಸಂಶಯವು ಮನೆಗೆಲಸಕ್ಕೆ ಬರುವ ಹೆಣ್ಣುಮಗಳ ಮೇಲೆ ಬಿದ್ದಿತು. "ನಲ್ಲಿ ಬಿಟ್ಟುಕೊಂಡು ಪಾತ್ರೆ ತೊಳೆಯಬೇಡಮ್ಮ, ನಿನ್ನ ಮನೆಯ ನೀರಾಗಿದ್ದರೆ ಹೀಗೆ ಮಾಡುತ್ತಿದ್ದೆಯಾ?" ಎಂದುಬಿಟ್ಟೆ. ತನ್ನ ಕೇರಿಯಲ್ಲಿ ಕೊಡಗಳನ್ನು ಸಾಲಿಟ್ಟು ನೀರಿಗೆ ಕಾಯುವವಳಿಗೆ ನಾನು ಹೇಳಿದ ಮಾತಿದು! ಆಕೆ ಮರುಮಾತಾಡಲಿಲ್ಲ. ಮರುದಿನದಿಂದ ಒಂದೇ ಬಕೆಟ್ ನೀರಿನಲ್ಲಿ ಪಾತ್ರೆಗಳೆಲ್ಲವನ್ನೂ ತೊಳೆದಳು. ನೀರು ಮಾತ್ರ ಹಿಂದಿನಂತೆಯೇ ಮುಗಿಯಿತು.

ವಾರದ ಬಳಿಕ ಶೌಚಗೃಹವನ್ನು ಉಜ್ಜುತ್ತಿದ್ದ ಆಕೆಯೇ ಕರೆದಳು: "ಅಪ್ಪಾಜಿ, ಈ ಕಮೋಡಿನ ಒಳಗೆ ಹಿಂದುಗಡೆ ಯಾವಾಗಲೂ ನೀರು ಜಿನುಗ್ತಾನೇ ಇರತ್ತೆ, ನೋಡಿ."

ಕನ್ನಡಕ ಹಾಕಿಕೊಂಡು ಬಾಗಿ ನೋಡಿದರೆ ಕೂದಲೆಳೆಯಂತಹ ಧಾರೆ, ಸದ್ದೇ ಇಲ್ಲ. ಜಿಲೇಬಿಗೆ ಬಳಸುವ ಬಣ್ಣವನ್ನು ಮೇಲಿನ ತೊಟ್ಟಿಯಲ್ಲಿ ಕದಡಿ, ಫ್ಲಶ್ ಮಾಡದೆ ಅರ್ಧ ಗಂಟೆ ಬಿಟ್ಟೆ. ಕೆಳಗಿನ ನೀರು ಕೆಂಪಾಗಿತ್ತು. ಬಳಿಕ ತೊಟ್ಟಿಗೆ ನೀರು ಬರುವ ನಲ್ಲಿಯನ್ನು ಮುಚ್ಚಿ, ಮಟ್ಟಕ್ಕೆ ಪೆನ್ಸಿಲಿನಿಂದ ಗೆರೆ ಎಳೆದೆ. ಅರ್ಧ ಗಂಟೆಯಲ್ಲಿ ಇಳಿದುದನ್ನು ಲೀಟರಿನ ಪಾತ್ರೆಯಿಂದ ತುಂಬಿದಾಗ ನಾಲ್ಕು ಲೀಟರು ಹಿಡಿಯಿತು. ದಿನಕ್ಕೆ 192 ಲೀಟರು, ತಿಂಗಳಿಗೆ 5,760. ಹೆಚ್ಚುಕಡಿಮೆ ಒಂದು ಟ್ಯಾಂಕರು! (ನಲ್ಲಿ ಮುಚ್ಚಿದ ಮೇಲೂ ಮಟ್ಟ ಇಳಿದರೆ ದೋಷ ತಳದ ರಬ್ಬರಿನದು, ನೀರು ಮೇಲೇರಿ ಹೆಚ್ಚುವರಿ ಕೊಳವೆಯೊಳಗೆ ಬೀಳುತ್ತಿದ್ದರೆ ದೋಷ ತೇಲುವ ಚೆಂಡಿನ ಕವಾಟದ್ದು.)

ನಮ್ಮದು ಹಳೆಯ ಮಾದರಿಯ ತೊಟ್ಟಿ. ಸರಪಳಿಗೆ ಸಿಕ್ಕಿಸಿದ ರಬ್ಬರಿನ ಮುಚ್ಚಳವೊಂದು ತಳದ ರಂಧ್ರದ ಮೇಲೆ ಕೂರುತ್ತದೆ. ಅದನ್ನು ಫ್ಲಾಪರ್ ಎನ್ನುತ್ತಾರೆ. ಹೊರತೆಗೆದಾಗ ಅಂಚು ಮುರುಟಿತ್ತು, ಬೆರಳಿಗೆ ಕಾಡಿಗೆಯಂತೆ ಕಪ್ಪು ಮೆತ್ತಿತು. ನೀರಿನ ಕ್ಲೋರಿನ್ ರಬ್ಬರನ್ನು ಮೆಲ್ಲನೆ ತಿನ್ನುತ್ತದೆ. ಅದು ಸಾಲದೆಂಬಂತೆ, ಶುಭ್ರತೆಯ ಮೋಹದಿಂದ ನಾನು ತೊಟ್ಟಿಯೊಳಗೆ ಕ್ಲೋರಿನ್ ಬಿಲ್ಲೆಗಳನ್ನೂ ಹಾಕುತ್ತಿದ್ದೆ! ಅವು ರಬ್ಬರಿನ ಆಯುಷ್ಯವನ್ನು ಬಹಳವಾಗಿ ಕುಗ್ಗಿಸುತ್ತವೆ. ರಂಧ್ರದ ಅಂಚಿನಲ್ಲಿ ಕೊಳವೆಬಾವಿಯ ಗಡಸು ನೀರಿನ ಬಿಳಿಯ ಗಾರೆಯೂ ಕಟ್ಟಿತ್ತು. ಅದನ್ನು ತೆಗೆಯದೆ ಹೊಸ ರಬ್ಬರು ಹಾಕಿದರೂ ಸೋರಿಕೆ ನಿಲ್ಲದು. ವಿನೆಗರ್ ಹಚ್ಚಿ ನೆನೆಸಿ ಉಜ್ಜಿದೆ. ಕ್ಲೋರಿನ್ನನ್ನು ಹೆಚ್ಚು ತಾಳುತ್ತದೆಂದು ಸಿಲಿಕೋನಿನ ಮುಚ್ಚಳವನ್ನೇ ತಂದೆ. ಬಿಲ್ಲೆಗಳನ್ನು ಬಿಟ್ಟೆ. ಈಗ ಮೂರು ತಿಂಗಳಿಗೊಮ್ಮೆ ಬಣ್ಣದ ಪರೀಕ್ಷೆ ಮಾಡುತ್ತೇನೆ.

2024ರ ಅಕ್ಟೋಬರಿನಲ್ಲಿ ಕಾವೇರಿ ಐದನೆಯ ಹಂತ ಉದ್ಘಾಟನೆಗೊಂಡಿತು. ಆದರೂ ಆ ನೀರು ತೊರೆಕಾಡನಹಳ್ಳಿಯಿಂದ ಸುಮಾರು 100 ಕಿ.ಮೀ. ದೂರ ಸಾಗಿ, ಸುಮಾರು 500 ಮೀಟರ್ ಎತ್ತರಕ್ಕೆ ಪಂಪುಗಳಿಂದ ಏರಿಯೇ ಬರಬೇಕು. ಅಷ್ಟು ಶ್ರಮದಿಂದ ಬಂದುದನ್ನು ಅಂಗೈಯಗಲದ ರಬ್ಬರೊಂದು ಚರಂಡಿಗೆ ಬಿಡುತ್ತಿತ್ತು.

ಮರುದಿನ ಆಕೆ ಬಂದಾಗ ಹಳೆಯ ಮುಚ್ಚಳವನ್ನು ತೋರಿಸಿ, "ತಪ್ಪು ನನ್ನದಮ್ಮ, ನಿನ್ನನ್ನು ಅಂದೆ" ಎಂದೆ. ಆಕೆ ಅದನ್ನು ತಿರುವಿ ನೋಡಿ, "ಇಷ್ಟೇ ಇಷ್ಟಾ ಅಪ್ಪಾಜಿ?" ಎಂದು ನಕ್ಕಳು. ನಲ್ಲಿಯನ್ನು ಬಳಸೆಂದು ಎಷ್ಟು ಹೇಳಿದರೂ, ಆಕೆ ಇಂದಿಗೂ ಆ ಒಂದು ಬಕೆಟ್ಟಿನಲ್ಲೇ ಪಾತ್ರೆ ತೊಳೆಯುತ್ತಾಳೆ.