ತಲೆಯಾಡಿಸುವ ಮುನ್ನ

ವಾಡಿ ಜಂಕ್ಷನ್ನಿನಲ್ಲಿ ಇಳಿದ ಕೂಡಲೇ ಮೂಗಿಗೆ ಬಡಿಯುವುದು ಸುಣ್ಣಗಲ್ಲಿನ ಧೂಳು. ಸಿಮೆಂಟ್ ಫ್ಯಾಕ್ಟರಿಯ ಚಿಮಣಿಗಳ ಹಿಂದೆ ಮೇ ತಿಂಗಳ ಬಿಸಿಲು ಬೆಳಿಗ್ಗೆಯೇ ಉರಿಯಲು ಶುರುವಾಗಿದೆ. ಬೆಂಗಳೂರಿನಿಂದ ರಾತ್ರಿಯೆಲ್ಲ ಕೂತೇ ಬಂದಿದ್ದೀರಿ, ಸೊಂಟ ಹಿಡಿದಿದೆ. ಹೈದರಾಬಾದ್ ಕಡೆಯ ಪ್ಯಾಸೆಂಜರ್ ನಿಂತಿದೆ. ಸೇಡಂಗೆ ಟಿಕೆಟ್ ತೆಗೆಸಿ ಹತ್ತುತ್ತೀರಿ, ಕಿಟಕಿ ಪಕ್ಕ ಜಾಗ ಸಿಗುತ್ತದೆ. ತೊಡೆಯ ಮೇಲೆ ಪೇಪರಿನಲ್ಲಿ ಸುಸಲಾ, ಜೊತೆಗೆ ಎರಡು ಮಿರ್ಚಿ ಭಜಿ. ಮೊದಲ ತುತ್ತಿಗೇ ಖಾರ ನೆತ್ತಿಗೇರಿ ಕಣ್ಣಲ್ಲಿ ನೀರಾಡುತ್ತದೆ.

ಖಾರದ ನೀರಷ್ಟೇ ಅಲ್ಲ ಅದು. ಹೋದ ವಾರ ಆಫೀಸಿನಲ್ಲಿ ಊಟ ಮುಗಿಸಿ ಏಳುವಾಗ ಬಾಯಿ ತಪ್ಪಿ 'ನಾ ಹೊಂಟೀನ್ರಿ' ಅಂದಿರಿ. 'ನೀವು ತೆಲುಗಿನವರಾ?' ಎಂದು ಒಬ್ಬ ಕೇಳಿದ. 'ಅಲ್ಲಪ್ಪಾ, 371 ಜೆ ಗಿರಾಕಿ' ಎಂದ ಇನ್ನೊಬ್ಬ. ಹಿಂದೆ ಬಿದ್ದ ಆರು ಜಿಲ್ಲೆಗಳಿಗೆಂದು 2012ರಲ್ಲಿ ಸಂವಿಧಾನಕ್ಕೆ ತಿದ್ದುಪಡಿ ತಂದು ಕೊಟ್ಟ ಸ್ಥಾನ ಅಲ್ಲಿ ಬೈಗುಳವಾಗಿತ್ತು. ಎಲ್ಲರೂ ನಕ್ಕರು. ನೀವೂ ನಕ್ಕಿರಿ. ಆ ನಗು ಇನ್ನೂ ದವಡೆಯಲ್ಲಿ ನೋಯುತ್ತಿದೆ.

ಗಾಡಿ ಬಿಡುವ ಹೊತ್ತಿಗೆ ಲಂಬಾಣಿ ಹೆಣ್ಣುಮಗಳೊಬ್ಬಳು ಗಂಟು ಹೊತ್ತು ಹತ್ತುತ್ತಾಳೆ. ಕನ್ನಡಿ ಬಿಲ್ಲೆಯ ಕುಪ್ಪಸ, ಮೊಣಕೈವರೆಗೆ ಬಳೆ, ಉಗುರಿನ ಸಂದಿಯಲ್ಲಿ ಕಲ್ಲಿನ ಬೂದು ಪುಡಿ. ಗಂಟನ್ನು ಕಾಲ ಬಳಿ ಇಟ್ಟು, ಎರಡೂ ಕೈಯಿಂದ ಕಂಬಿ ಹಿಡಿದು ನಿಮ್ಮೆದುರೇ ನಿಲ್ಲುತ್ತಾಳೆ. ಗಾಡಿ ಕುಲುಕಿದಾಗಲೆಲ್ಲ ಬಳೆ ಝಲ್ಲೆನ್ನುತ್ತವೆ. ಎದುರು ಸೀಟಿನ ರುಮಾಲಿನ ಹಿರಿಯರು ತಮ್ಮ ಚೀಲವನ್ನು ಕಾಲಿನಿಂದ ಮೆಲ್ಲಗೆ ಒಳಗೆಳೆದುಕೊಳ್ಳುತ್ತಾರೆ. ನೀವದನ್ನು ನೋಡುತ್ತೀರಿ, ಸುಮ್ಮನಿರುತ್ತೀರಿ. ಅವರ ಪಕ್ಕದಲ್ಲಿ, ಅಂಗಿಗೆಲ್ಲ ಸಿಮೆಂಟ್ ಮೆತ್ತಿದ ಒಬ್ಬ ಕೂಲಿ ಟವೆಲ್ ಮುಖಕ್ಕೆ ಹಾಕಿಕೊಂಡು ನಿದ್ದೆ ಹೋಗಿದ್ದಾನೆ.

ಚಿತ್ತಾಪುರ ದಾಟುತ್ತದೆ. ಟವೆಲ್ ಜಾರುತ್ತದೆ, ಆತ ಎದ್ದು ಕೂಡುತ್ತಾನೆ. ಕೈ ಅಂಗಿಯ ಜೇಬಿಗೆ ಹೋಗುತ್ತದೆ. ಪ್ಯಾಂಟಿನ ಜೇಬಿಗೆ. ಮತ್ತೆ ಅಂಗಿಗೆ. ಮುಖದ ಬಣ್ಣ ಇಳಿಯುತ್ತದೆ.

'ಪಾಕೀಟ್! ನನ್ ಪಾಕೀಟ್!' ಕನ್ನಡದಲ್ಲಿ ಶುರುವಾದ ಕೂಗು ತೆಲುಗಿಗೆ ಹೊರಳುತ್ತದೆ. ಗುತ್ತೇದಾರ ಕೊಟ್ಟ ಪಗಾರವೆಲ್ಲ ಅದರಲ್ಲಿದೆಯಂತೆ. ಜನ ಏಳುತ್ತಾರೆ, ಸೀಟಿನ ಕೆಳಗೆ ಬಗ್ಗುತ್ತಾರೆ, ಮಗುವೊಂದು ಅಳುತ್ತದೆ. ಇದ್ದಕ್ಕಿದ್ದಂತೆ ಎಲ್ಲ ಕಣ್ಣೂ ಒಂದೇ ಕಡೆ.

'ಏ, ಗಂಟು ಬಿಚ್ಚು. ತಾಂಡಾದವ್ರ ಕೆಲಸಾನೇ ಇದು.'

ಅಲೆಮಾರಿ ಸಮುದಾಯಗಳನ್ನು ಹುಟ್ಟು ಅಪರಾಧಿಗಳೆಂದು ಪಟ್ಟಿ ಮಾಡಿದ್ದು ಬ್ರಿಟಿಷರ 1871ರ ಕಾಯ್ದೆ. 1952ರಲ್ಲಿ ಅದು ರದ್ದಾಗಿದೆ. ಈ ಡಬ್ಬಿಯಲ್ಲಿ ಇನ್ನೂ ರದ್ದಾಗಿಲ್ಲ.

'ನಾ ಮುಟ್ಟಿಲ್ಲೋ ಯಣ್ಣಾ' ಎನ್ನುತ್ತಾಳೆ ಆಕೆ. ಕೂಲಿ ನಿಮ್ಮತ್ತ ತಿರುಗುತ್ತಾನೆ. ನಿಮ್ಮದು ಇಸ್ತ್ರಿ ಅಂಗಿ, ಹೆಗಲಿಗೆ ಲ್ಯಾಪ್‌ಟಾಪ್ ಚೀಲ. 'ನೀವೇ ಹೇಳ್ರಿ ಸಾಹೇಬ್ರ. ಸೇಡಂದಾಗ ಪೊಲೀಸ್ರಿಗೆ ಕೊಡಾಮಾ?'

ನಿಮ್ಮಿಂದ ಮಾತೇನೂ ಬೇಕಾಗಿಲ್ಲ. ಒಮ್ಮೆ ತಲೆಯಾಡಿಸಿದರೆ ಸಾಕು. ಕತ್ತಿನ ಹಿಂದೆ ನರವೊಂದು ಅದಕ್ಕಾಗಿ ಆಗಲೇ ಬಿಗಿಯಾಗಿದೆ. ಅದು ನಿಮಗೆ ಗೊತ್ತಾಗುತ್ತದೆ, ಮೈ ತಣ್ಣಗಾಗುತ್ತದೆ. ಹೋದ ವಾರ ನೀವು ನಕ್ಕದ್ದೂ ಇದೇ ನರದಿಂದ.

ಬಾಯಿ ಒಣಗಿದೆ. 'ವಾಡಿಯಿಂದ ನಾ ನೋಡ್ಲತ್ತೀನ್ರಿ. ಆಕಿ ಕೈ ಎರಡೂ ಈ ಕಂಬಿ ಮ್ಯಾಲೇ ಅವ. ಕಂಬಿ ಬಿಟ್ಟಿದ್ರ ಬಳಿ ಸಪ್ಪಳದಾಗೇ ಗೊತ್ತಾಗ್ತಿತ್ತು.'

ನಿಮ್ಮ ದನಿ ನಿಮಗೇ ಜೋರಾಗಿ ಕೇಳಿಸುತ್ತದೆ. ಬೆಂಗಳೂರಿನಲ್ಲಿ ಒಳಗೆ ಅದುಮಿಟ್ಟುಕೊಂಡ ಕನ್ನಡ ಅದು. ಹೊರಗೆ ಮಳಖೇಡ ರೋಡ್ ಸ್ಟೇಷನ್ನಿನ ಹಲಗೆ ಸರಿಯುತ್ತದೆ. ಇಲ್ಲಿಂದ ತುಸು ದೂರದಲ್ಲಿ, ಕಾಗಿಣಾ ದಂಡೆಯ ಮಾನ್ಯಖೇಟದಲ್ಲಿ, ನೃಪತುಂಗನ ಆಸ್ಥಾನದ ಶ್ರೀವಿಜಯ ಒಂಬತ್ತನೆಯ ಶತಮಾನದಲ್ಲೇ ಕನ್ನಡ ಒಂದಲ್ಲ, ಹಲವು ಎಂದು 'ಕವಿರಾಜಮಾರ್ಗ'ದಲ್ಲಿ ಒಪ್ಪಿಕೊಂಡಿದ್ದ. ನಕ್ಕವರಿಗೆ ಇದನ್ನು ಹೇಳಬೇಕಿತ್ತು. ಈಗ ಅದಕ್ಕೆ ಪುರುಸೊತ್ತಿಲ್ಲ, ಕೂಲಿ ಎದ್ದು ನಿಂತಿದ್ದಾನೆ, ಮುಷ್ಟಿ ಬಿಗಿದಿದೆ. 'ನೀವ್ ಯಾ ಊರವ್ರು?'

'ಸೇಡಂ.'

ಆಗ ರುಮಾಲಿನ ಹಿರಿಯರು ನಿಮ್ಮ ಪರ ನಿಲ್ಲುತ್ತಾರೆ. 'ಖರೇ ಹೇಳ್ದಿ ತಮ್ಮಾ. ಈ ತಾಂಡೂರು ಕಡಿ ತೆಲುಗು ಮಂದೀನೇ ಹಿಂಗ. ನಮ್ ಸೀಮಿಗಿ ಬಂದು ದುಡೀತಾರ, ನಮ್ ಮಂದೀಗೇ ಕಳ್ಳರಂತಾರ.'

ಎದೆಯಲ್ಲಿ ಹಿತವಾದ ಬಿಸಿಯೊಂದು ಹರಡುತ್ತದೆ. ನೀವಿನ್ನು ಒಬ್ಬರೇ ಅಲ್ಲ. ಡಬ್ಬಿಯ ಅರ್ಧ ಜನ ಹೂಂಗುಡುತ್ತಾರೆ. ಕೂಲಿಯ ಮುಷ್ಟಿ ಸಡಿಲಾಗುತ್ತದೆ, ಆತ ಬಾಗಿಲ ಕಡೆ ನೋಡುತ್ತಾನೆ. ಈಗ ಅವನೇ ಹೊರಗಿನವನು. ನೀವು ಸುಮ್ಮನಿದ್ದರೆ ಸಾಕು, ಗೆದ್ದಿರಿ. ಈ ಹಿರಿಯರೇ ಅಲ್ಲವೇ ಆಗ ಚೀಲ ಒಳಗೆಳೆದುಕೊಂಡವರು?

'ಹಂಗನಬ್ಯಾಡ್ರಿ ಕಾಕಾ. ತಾಂಡೂರೂ ನಮ್ ಜಿಲ್ಲಾದಾಗೇ ಇತ್ತು.'

ಇತ್ತು. ನಿಜಾಮನ ಆಳ್ವಿಕೆ ಮುಗಿದದ್ದು 1948ರ ಸೆಪ್ಟೆಂಬರಿನಲ್ಲಿ. 1956ರ ನವೆಂಬರ್ 1ರಂದು ಗುಲ್ಬರ್ಗ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು, ಕೊಡಂಗಲ್ ಮತ್ತು ತಾಂಡೂರು ತಾಲ್ಲೂಕುಗಳನ್ನು ಬಿಟ್ಟು. ಅವೆರಡು ಆಂಧ್ರಕ್ಕೆ ಹೋದವು, 2014ರಿಂದ ತೆಲಂಗಾಣದಲ್ಲಿವೆ. ಈ ಕೂಲಿಯ ಅಜ್ಜನೂ ನಿಮ್ಮ ಅಜ್ಜನೂ ಒಂದೇ ಕಲೆಕ್ಟರ್ ಕಚೇರಿಯ ಮುಂದೆ ಕೈಕಟ್ಟಿ ನಿಂತವರಿರಬೇಕು. ಹಿರಿಯರು ಮುಖ ತಿರುಗಿಸುತ್ತಾರೆ. ಹೂಂಗುಟ್ಟಿದವರೂ ಅಷ್ಟೇ. ನೀವೀಗ ಯಾರ ಕಡೆಯವರೂ ಅಲ್ಲ.

ಸೇಡಂ. ಗಾಡಿ ನಿಲ್ಲುತ್ತದೆ. ಚೀಲ ಹೆಗಲಿಗೇರಿಸಿ ಬಾಗಿಲವರೆಗೆ ಬಂದಿದ್ದೀರಿ. ಮನೆಯಲ್ಲಿ ಅವ್ವ ರೊಟ್ಟಿ ಬಡಿದು, ಪುಂಡಿಪಲ್ಯ ಮಾಡಿಟ್ಟು ಕಾಯುತ್ತಿದ್ದಾಳೆ. ಒಮ್ಮೆ ತಿರುಗಿ ನೋಡುತ್ತೀರಿ. ಕೂಲಿಯ ಕಣ್ಣು ಮತ್ತೆ ಆ ಗಂಟಿನ ಮೇಲಿದೆ. ನೀವು ಇಳಿದರೆ ಮುಂದೇನಾಗುತ್ತದೆ? ಏನೂ ಆಗದಿರಬಹುದು. ಪ್ಲಾಟ್‌ಫಾರ್ಮಿನ ಝಳ ಮುಖಕ್ಕೆ ಹೊಡೆಯುತ್ತದೆ. ಸಿಳ್ಳೆ. ಕಾಲು ಮೆಟ್ಟಿಲ ಮೇಲಿದೆ. ಗಾಡಿ ಜಗ್ಗುತ್ತದೆ. ಕಾಲು ಒಳಗೆಳೆದುಕೊಳ್ಳುತ್ತೀರಿ.

ಸೇಡಂನಲ್ಲಿ ಇಳಿದವರ ಜಾಗದಲ್ಲಿ ಆಕೆ ಕೂತಿದ್ದಾಳೆ, ಗಂಟು ಮಡಿಲಲ್ಲಿ. ಕೇಳಿದರೆ ಹೇಳುತ್ತಾಳೆ: ತವರು ಚಿಂಚೋಳಿ ಕಡೆಯ ತಾಂಡಾ, ದುಡಿದದ್ದು ಶಹಾಬಾದಿನ ಕಲ್ಲು ಗಣಿಯಲ್ಲಿ, ಈಗ ಲಿಂಗಂಪಲ್ಲಿಗೆ ಕಟ್ಟಡದ ಕೆಲಸಕ್ಕೆ. ಅಕ್ಕನನ್ನು ತಾಂಡೂರು ಕಡೆಗೆ ಕೊಟ್ಟಿದೆ, ಮಗ ಪುಣೆಯಲ್ಲಿದ್ದಾನೆ. ಇವಳ ಕುಲ ಕರ್ನಾಟಕದಲ್ಲಿ ಪರಿಶಿಷ್ಟ ಜಾತಿ, ತೆಲಂಗಾಣದಲ್ಲಿ ಪರಿಶಿಷ್ಟ ಪಂಗಡ, ಮಹಾರಾಷ್ಟ್ರದಲ್ಲಿ ವಿಮುಕ್ತ ಜಾತಿ. ಕಳ್ಳತನದ ಗುಮಾನಿಗೆ ಮಾತ್ರ ಯಾವ ಗಡಿಯೂ ಅಡ್ಡ ಬರುವುದಿಲ್ಲ.

ಕುರಕುಂಟಾ ದಾಟಿ ನವಾಂದಗಿ ಬರುವಷ್ಟರಲ್ಲಿ ರಾಜ್ಯ ಬದಲಾಗಿದೆ. ಕಿಟಕಿಯಾಚೆ ಏನೂ ಬದಲಾಗಿಲ್ಲ: ಬಿರುಕು ಬಿಟ್ಟ ಎರೆಹೊಲ, ತೊಗರಿ ಕೊಯ್ದ ಕೂಳೆ, ನೆಲದಡಿಯಲ್ಲಿ ಅದೇ ಪದರುಗಲ್ಲು.

'ಸೇಡಂ ಹೋಯ್ತಲ್ರಿ, ಇಳೀಲಿಲ್ಲ?' ಕೂಲಿ ಕೇಳುತ್ತಾನೆ. ದನಿಯಲ್ಲಿ ಈಗ ಸಿಟ್ಟಿಲ್ಲ, ಸುಸ್ತಿದೆ.

'ತಾಂಡೂರದಾಗ ಕೆಲಸ ಅದ.'

ಆತ ನಂಬುವುದಿಲ್ಲ. ಕೈಯಿಂದ ಮುಖ ಒರೆಸಿಕೊಳ್ಳುತ್ತಾನೆ. 'ಟಿಕೆಟ್‌ನೂ ಪಾಕೀಟ್ನಾಗೇ ಇತ್ತು.'

ಕಡಿಮೆಯೆಂದರೂ ತಲೆಗೆ 250 ರೂಪಾಯಿ ದಂಡ. ನೀವು ಜೇಬಿನಿಂದ ನೋಟು ತೆಗೆದು, ಇಬ್ಬರಿಗೆ ಸಾಲುತ್ತದೆಯೇ ಎಂದು ಎಣಿಸುತ್ತೀರಿ.