ಕಣಿವೆಯಲ್ಲಿ ಮೆಲುದನಿಯ ಅಝಾನ್

ಅಲ್ಲಾಹನ ಸೃಷ್ಟಿಯ ಕುರಿತು ಚಿಂತಿಸಬೇಕೆಂದು ಮಕ್ಕಳಿಗೆ ಬೋಧಿಸುತ್ತಾ ಬಂದವರು ನಾವು. ಆದರೆ ಆ ಬೋಧನೆಯೆಲ್ಲ ಮದ್ರಸದ ನಾಲ್ಕು ಗೋಡೆಗಳ ನಡುವೆಯೇ ನಡೆದಿತ್ತು. ಈ ಕೊರತೆಯನ್ನು ನೀಗಿಸಲೆಂದು, ಮಳೆಗಾಲ ಮುಗಿದ ಬಳಿಕ, ಕಡೂರು, ತರೀಕೆರೆ ಮತ್ತು ಅಜ್ಜಂಪುರದ ಇಪ್ಪತ್ತು ಮಂದಿ ವಿದ್ಯಾರ್ಥಿಗಳೊಂದಿಗೆ ಕೆಮ್ಮಣ್ಣುಗುಂಡಿಗೆ ಹೊರಟೆವು.

ಲಿಂಗದಹಳ್ಳಿಯನ್ನು ದಾಟಿ ಘಟ್ಟ ಏರುತ್ತಿದ್ದಂತೆ ಬಯಲಿನ ಬಿಸಿಲು ಹಿಂದುಳಿಯಿತು. ನಾಲ್ವಡಿ ಕೃಷ್ಣರಾಜ ಒಡೆಯರ ಬೇಸಿಗೆ ತಾಣವಾಗಿದ್ದ ಈ ಗಿರಿಯ ಕೆಂಪು ಮಣ್ಣಿನಿಂದಲೇ ಒಂದು ಕಾಲದಲ್ಲಿ ಭದ್ರಾವತಿಯ ಕಾರ್ಖಾನೆಗೆ ಕಬ್ಬಿಣದ ಅದಿರು ಹೋಗುತ್ತಿತ್ತು. ಅಲ್ಲಿಂದ ಕಾಫಿ ತೋಟಗಳ ನಡುವೆ ಜೀಪಿನಲ್ಲಿ ಇಳಿದು, ಹೆಬ್ಬೆ ಜಲಪಾತದ ಕಡೆಗೆ ಕಾಲ್ನಡಿಗೆಯಲ್ಲಿ ಸಾಗಿದೆವು. ಅದು 1998ರಲ್ಲಿ ಹುಲಿ ಯೋಜನೆಗೆ ಸೇರಿದ ಭದ್ರಾ ಅರಣ್ಯ. ದಾರಿ ತೋರಿಸಲು ಸ್ಥಳೀಯ ಹಿರಿಯರೊಬ್ಬರು ಜೊತೆಗಿದ್ದರು. ಹಳ್ಳಗಳನ್ನು ದಾಟುವಾಗ ಮಕ್ಕಳು ಕಾಲಿಗೆ ಹತ್ತಿದ ಇಂಬಳಗಳನ್ನು ಕೀಳುತ್ತಾ, ಕೂಗುತ್ತಾ, ನಗುತ್ತಾ ನಡೆದರು. ಅವರನ್ನು ತಡೆಯಬೇಕಾಗಿದ್ದ ನಾವು ತಡೆಯಲಿಲ್ಲ.

ಝುಹ್ರ್‌ನ ಸಮಯವಾಯಿತು. ಹಳ್ಳದ ಬದಿಯಲ್ಲಿ ಅಗಲವಾದ ಬಂಡೆಯೊಂದು ಕಂಡಿತು. ಇಂಪಾದ ಕಂಠವುಳ್ಳ ಹುಡುಗನೊಬ್ಬ ಅಝಾನ್ ಕೊಡಲು ಕಿವಿಗಳಿಗೆ ಬೆರಳಿಟ್ಟುಕೊಂಡು ನಿಂತ. ಅಷ್ಟರಲ್ಲಿ ಮಾರ್ಗದರ್ಶಿ ಕೈ ಎತ್ತಿ, "ಸ್ವಲ್ಪ ಮೆಲ್ಲಗೆ, ಗುರುಗಳೇ" ಎಂದರು.

ನಿಜ ಹೇಳಬೇಕೆಂದರೆ ನಮ್ಮ ಮುಖ ಬಿಗಿಯಿತು. ಇಲ್ಲಿಯೂ ಅಝಾನ್‌ಗೆ ಆಕ್ಷೇಪವೇ ಎಂಬ ನೋವು ಮೊದಲು ಬಂದಿತು. ವಿಚಾರ ಆಮೇಲೆ ಬಂದಿತು. ಅವರು ನಮ್ಮನ್ನು ಹತ್ತು ಹೆಜ್ಜೆ ಮುಂದಕ್ಕೆ ಕರೆದೊಯ್ದು, ಮುರಿದ ಬಿದಿರನ್ನೂ ಇನ್ನೂ ಹಸಿಯಾಗಿದ್ದ ಆನೆಯ ಲದ್ದಿಯನ್ನೂ ತೋರಿಸಿದರು. "ಕೆಳಗಿನ ಕಣಿವೆಯಲ್ಲಿ ಇರಬಹುದು. ಮರಿಯಿದ್ದರೆ ಕಷ್ಟ" ಎಂದರು. ಬಳಿಕ ತಮ್ಮಷ್ಟಕ್ಕೆ ಹೇಳಿಕೊಂಡಂತೆ, "ನಮ್ಮೂರೂ ಈ ಕಾಡಿನೊಳಗೇ ಇತ್ತು. ನಮ್ಮ ಗುಡಿಯ ಗಂಟೆಯೂ ಈಗ ಬಾರಿಸುವುದಿಲ್ಲ" ಎಂದರು.

ಇದೇ ಶತಮಾನದ ಆರಂಭದಲ್ಲಿ ಈ ಅಭಯಾರಣ್ಯದೊಳಗಿನ ಹಳ್ಳಿಗಳ 400ಕ್ಕೂ ಹೆಚ್ಚು ಕುಟುಂಬಗಳು ಎಂ.ಸಿ. ಹಳ್ಳಿ ಮತ್ತು ಕೆಳಗೂರಿಗೆ ಸ್ಥಳಾಂತರಗೊಂಡವು. ಅವರೂ ಹಾಗೆ ಹೊರಬಂದವರಲ್ಲಿ ಒಬ್ಬರು. ಕಾಡಿಗಾಗಿ ಊರನ್ನೇ ಬಿಟ್ಟುಕೊಟ್ಟವರು ನಮ್ಮಿಂದ ಕೇಳಿದ್ದು ಕೇವಲ ಒಂದಿಷ್ಟು ಮೆಲುದನಿ. ನಾವು ನಾಚಿದೆವು.

ಹುಡುಗ ಮೆಲ್ಲನೆ ಅಝಾನ್ ಕೊಟ್ಟ. ಹಳ್ಳದಲ್ಲಿ ವುಝೂ ಮಾಡುವಾಗ, ಹರಿಯುವ ನದಿಯ ದಡದಲ್ಲಿದ್ದರೂ ನೀರನ್ನು ದುಂದು ಮಾಡಬಾರದೆಂಬ ಪ್ರವಾದಿ(ಸ)ರವರ ಉಪದೇಶವನ್ನು ಮಕ್ಕಳಿಗೆ ನೆನಪಿಸಿದೆವು. ಇದೇ ಗಿರಿಶ್ರೇಣಿಯಲ್ಲಿ ಹುಟ್ಟುವ ವೇದಾ ಮತ್ತು ಆವತಿ ಕೂಡಿ ವೇದಾವತಿಯಾಗಿ ಕಡೂರಿನ ಕಡೆಗೆ ಹರಿಯುತ್ತವೆಂದು ಹೇಳಿದಾಗ, ಬೇಸಿಗೆಯಲ್ಲಿ ನೀರಿನ ಟ್ಯಾಂಕರಿಗೆ ಕಾಯುವ ಮಕ್ಕಳು ಸುಮ್ಮನೆ ಕಾಡನ್ನು ನೋಡಿದರು.

ಮರಳುವಾಗ ಒಬ್ಬ ಹುಡುಗ ಕೇಳಿದ: "ಉಸ್ತಾದ್, ಆನೆಗೆ ಹೆದರಿ ಅಝಾನ್‌ನ ಧ್ವನಿ ತಗ್ಗಿಸಿದ್ದು ಸರಿಯೇ?" ನಾವು ಹೇಳಿದೆವು: "ಮಗೂ, ಅಝಾನ್ ನಮಾಝಿಗೆ ಬರುವವರನ್ನು ಕರೆಯುವುದಕ್ಕಾಗಿ. ಇಲ್ಲಿ ಕರೆಯಬೇಕಾದವರೆಲ್ಲ ನಾವೇ, ನಮಗೆ ಕೇಳಿಸಿತು. ಧ್ವನಿ ಎತ್ತರಿಸುವುದು ಪುಣ್ಯವೇ ಹೌದು. ಆದರೆ ಜೊತೆಗಿರುವವರ ಪ್ರಾಣವನ್ನು ಅಪಾಯಕ್ಕೊಡ್ಡಿ ಗಳಿಸಬೇಕಾದ ಪುಣ್ಯ ಅದಲ್ಲ. ಆನೆಯೂ ಅದೇ ರಬ್ಬಿನ ಸೃಷ್ಟಿ. ಇದು ಅದರ ಮನೆ. ನಾವು ಅತಿಥಿಗಳು."

ಆ ಉತ್ತರ ಹುಡುಗನಿಗಿಂತ ಹೆಚ್ಚಾಗಿ ನಮಗೇ ಬೇಕಾಗಿತ್ತು. ಪ್ರತಿಯೊಂದು ಮಾತಿನಲ್ಲೂ ವಿರೋಧವನ್ನೇ ಕಾಣುವ ಅಭ್ಯಾಸ ನಮ್ಮ ಹೃದಯದಲ್ಲಿ ಯಾವಾಗ ಬೇರೂರಿತೋ ತಿಳಿಯದು. ವಾಹನ ಹತ್ತುವ ಮುನ್ನ ಆ ಹಿರಿಯರ ಕೈ ಹಿಡಿದು, ಮನದಲ್ಲಿ ಮೂಡಿದ ತಪ್ಪು ಭಾವನೆಗಾಗಿ ಕ್ಷಮೆ ಕೇಳಿದೆವು. ಅವರು ನಕ್ಕು, "ಹುಡುಗನ ಕಂಠ ಚೆನ್ನಾಗಿದೆ, ಊರಿನಲ್ಲಿ ಜೋರಾಗಿ ಕೂಗಲಿ" ಎಂದರು.

ಇತರರ ಕುರಿತು ಕೆಟ್ಟದ್ದನ್ನು ಊಹಿಸುವ ದೌರ್ಬಲ್ಯದಿಂದ ಅಲ್ಲಾಹನು ನಮ್ಮೆಲ್ಲರನ್ನೂ ಕಾಪಾಡಲಿ. ಆಮೀನ್.