ಆಟದ ಬಂದೂಕಿನೊಳಗಿನ ಎರಡು ಸ್ಪ್ರಿಂಗುಗಳು



ಜಾತ್ರೆಯ ಅಂಗಡಿಯಲ್ಲಿ ತೂಗುಬಿಟ್ಟ ಪ್ಲಾಸ್ಟಿಕ್ ಬಂದೂಕನ್ನು ಕಂಡರೆ ಮಕ್ಕಳ ಕಣ್ಣು ಅರಳುತ್ತದೆ, ಹಿರಿಯರ ಹುಬ್ಬು ಗಂಟಿಕ್ಕುತ್ತದೆ. ಭೌತಶಾಸ್ತ್ರದ ಮೇಷ್ಟ್ರಾಗಿದ್ದ ನನ್ನಲ್ಲಿ ಈ ಎರಡು ಭಾವಗಳೂ ಒಟ್ಟಿಗೇ ಮೂಡುತ್ತವೆ. ಅದೇಕೆಂದು ಇಂದು ವಿವರಿಸಬೇಕೆನಿಸಿತು.

ನನ್ನ ತರಗತಿಗಳಲ್ಲಿ ಕುಳಿತವರಿಗೆ ನೆನಪಿರಬಹುದು, "ಈ ಬಂದೂಕಿನಲ್ಲಿ ಗುಂಡನ್ನು ತಳ್ಳುವುದು ಯಾವುದು?" ಎಂದು ಕೇಳುತ್ತಿದ್ದೆ. "ಸ್ಪ್ರಿಂಗು ಸಾರ್" ಎಂಬ ಉತ್ತರ ಒಕ್ಕೊರಲಿನಿಂದ ಬರುತ್ತಿತ್ತು. ಆದರೆ ಸ್ಪ್ರಿಂಗು ಗುಂಡನ್ನು ಮುಟ್ಟುವುದೇ ಇಲ್ಲ. ನಾವು ಹಿಡಿಕೆಯನ್ನು ಹಿಂದಕ್ಕೆಳೆದಾಗ ಪಿಸ್ಟನ್ನಿನ ಹಿಂದಿರುವ ಉಕ್ಕಿನ ಸ್ಪ್ರಿಂಗು ಮಡಚಿಕೊಳ್ಳುತ್ತದೆ. ಕುದುರೆಯನ್ನು ಒತ್ತಿದೊಡನೆ ಅದು ಪಿಸ್ಟನ್ನನ್ನು ಮುಂದಕ್ಕೆ ದೂಡುತ್ತದೆ. ಪಿಸ್ಟನ್ನು ತನ್ನ ಮುಂದಿರುವ ಗಾಳಿಯನ್ನು ಅದುಮುತ್ತದೆ. ಹಾಗೆ ಅದುಮಿಸಿಕೊಂಡ ಗಾಳಿಯೇ ಸಣ್ಣ ರಂಧ್ರದಿಂದ ನುಗ್ಗಿ ಗುಂಡನ್ನು ಕೊಳವೆಯಿಂದ ಹೊರಗಟ್ಟುತ್ತದೆ. ಅಂದರೆ ಇಲ್ಲಿರುವುದು ಒಂದಲ್ಲ, ಎರಡು ಸ್ಪ್ರಿಂಗು. ಒಂದು ಉಕ್ಕಿನದು, ಇನ್ನೊಂದು ಗಾಳಿಯದು.

ಗಾಳಿಯನ್ನು ಸ್ಪ್ರಿಂಗೆಂದು ಕರೆದದ್ದು ನನ್ನ ಕಲ್ಪನೆಯಲ್ಲ. ರಾಬರ್ಟ್ ಬಾಯ್ಲ್ 1660ರಲ್ಲಿ ಪ್ರಕಟಿಸಿದ ಗ್ರಂಥದ ಹೆಸರಿನಲ್ಲೇ ಆ ಮಾತಿದೆ. ಒತ್ತಡ ಎರಡರಷ್ಟಾದರೆ ಗಾತ್ರ ಅರ್ಧವಾಗುತ್ತದೆ ಎಂಬ ನಿಯಮವನ್ನು ಆತ 1662ರಲ್ಲಿ ಹೊರತಂದ. ಆತನಿಗೆ ಗಾಳಿ ಪಂಪನ್ನು ಕಟ್ಟಿಕೊಟ್ಟ ಸಹಾಯಕ ರಾಬರ್ಟ್ ಹುಕ್. ಎಳೆತಕ್ಕೆ ತಕ್ಕ ಬಲ ಎಂಬ ಉಕ್ಕಿನ ಸ್ಪ್ರಿಂಗಿನ ನಿಯಮವನ್ನು 1678ರಲ್ಲಿ ವಿವರಿಸಿದವನೂ ಅವನೇ. ಒಂದೇ ಪ್ರಯೋಗಶಾಲೆಯಲ್ಲಿ ದುಡಿದ ಗುರು ಸಹಾಯಕರಿಬ್ಬರ ನಿಯಮಗಳು ಮಕ್ಕಳ ಒಂದು ಆಟಿಕೆಯೊಳಗೆ ಬೆನ್ನಿಗೆ ಬೆನ್ನು ಕೊಟ್ಟು ನಿಂತಿರುವುದು ಸೋಜಿಗವಲ್ಲವೇ?

ಮಲೆನಾಡು, ಕರಾವಳಿಗಳ ಓದುಗರಿಗೆ ಇಷ್ಟರಲ್ಲೇ ಪೆಟ್ಲು ನೆನಪಾಗಿರಬೇಕು. ಬಿದಿರಿನ ಸಣ್ಣ ಕೊಳವೆಯ ತುದಿಗೆ ಒಂದು ಹಸಿ ಜುಮ್ಮನಕಾಯಿಯನ್ನು ಬಿಗಿಯಾಗಿ ಸಿಕ್ಕಿಸಿ, ಇನ್ನೊಂದನ್ನು ಹಿಂದಿನಿಂದ ಕಡ್ಡಿಯಲ್ಲಿ ತಳ್ಳಿದರೆ ನಡುವಿನ ಗಾಳಿ ಅದುಮಿಕೊಂಡು ಮುಂದಿನ ಕಾಯಿ 'ಪಟ್' ಎಂದು ಹಾರುತ್ತದೆ. ಛತ್ತೀಸಗಢದ ಜಗದಲಪುರದ ಗೋಂಚಾ ಹಬ್ಬದಲ್ಲಿ ಇಂಥದೇ ಬಿದಿರಿನ 'ತುಪ್ಕಿ'ಗಳಿಂದ ರಥಕ್ಕೆ ವಂದನೆ ಸಲ್ಲಿಸುವ ಪದ್ಧತಿಯಿದೆ. ಪೆಟ್ಲಿನಲ್ಲಿ ಕೈಯೇ ಪಿಸ್ಟನ್ನನ್ನು ನೂಕುತ್ತದೆ. ಜಾತ್ರೆಯ ಬಂದೂಕಿನಲ್ಲಿ ಕೈಯ ಶ್ರಮವನ್ನು ಸ್ಪ್ರಿಂಗು ಕೂಡಿಟ್ಟುಕೊಂಡು ಒಮ್ಮೆಲೇ ಬಿಡುತ್ತದೆ. ವ್ಯತ್ಯಾಸ ಅಷ್ಟೇ, ಆದರೆ ಅದು ಸಣ್ಣ ವ್ಯತ್ಯಾಸವಲ್ಲ.

ಲೆಕ್ಕ ಹಾಕಿ ನೋಡೋಣ. ಗುಂಡಿನ ವ್ಯಾಸ 6 ಮಿಲಿಮೀಟರ್, ತೂಕ 0.2 ಗ್ರಾಂ ಎಂದಿರಲಿ. ಅದರ ಹಿಂದಿನ ಒತ್ತಡ ಹೊರಗಿನ ಗಾಳಿಗಿಂತ ಒಂದು ವಾಯುಮಂಡಲದಷ್ಟು ಹೆಚ್ಚಾದರೆ ಗುಂಡಿನ ಮೇಲೆ ಬೀಳುವ ಬಲ ಸುಮಾರು 2.8 ನ್ಯೂಟನ್. ಅಲ್ಪವೆನಿಸಿದರೂ ಅದು ಗುಂಡಿನ ಸ್ವಂತ ತೂಕದ ಸುಮಾರು 1,400 ಪಟ್ಟು! ಇನ್ನೊಂದು ಸ್ವಾರಸ್ಯವಿದೆ. ಬಾಯ್ಲ್ ನಿಯಮ ತಾಪ ಸ್ಥಿರವಾಗಿದ್ದಾಗ ಮಾತ್ರ ಸಲ್ಲುತ್ತದೆ. ಪಿಸ್ಟನ್ನು ಧಾವಿಸುವ ವೇಗಕ್ಕೆ ಗಾಳಿಯ ಕಾವು ಹೊರಹೋಗಲು ಸಮಯವೇ ಇರುವುದಿಲ್ಲ. ಹಾಗಾಗಿ ಗಾತ್ರ ಅರ್ಧವಾದಾಗ ಒತ್ತಡ 2 ಪಟ್ಟಲ್ಲ, ಸುಮಾರು 2.6 ಪಟ್ಟಾಗುತ್ತದೆ. ಸೈಕಲ್ ಪಂಪಿನ ತುದಿ ಬಿಸಿಯಾಗುವುದೂ ಇದೇ ಕಾರಣದಿಂದ.

ಕೊಳವೆಯನ್ನು ಉದ್ದ ಮಾಡಿದಷ್ಟೂ ವೇಗ ಹೆಚ್ಚುತ್ತದೆಂದು ಹುಡುಗರು ನಂಬುತ್ತಾರೆ. ಅದು ಸರಿಯಲ್ಲ. ಗುಂಡು ಮುಂದೆ ಸಾಗಿದಂತೆ ಗಾಳಿಗೆ ಜಾಗ ಹೆಚ್ಚಿ ಒತ್ತಡ ಇಳಿಯುತ್ತದೆ. ಒಳಗಿನ ಒತ್ತಡ ಹೊರಗಿನದಕ್ಕೆ ಸಮನಾದ ಮೇಲೆ ಉಳಿದ ಉದ್ದವೆಲ್ಲ ಗುಂಡನ್ನು ತಡೆಯುತ್ತದೆಯೇ ಹೊರತು ದೂಡುವುದಿಲ್ಲ. ಗಾಳಿಯಿಂದ ಅದಕ್ಕೆ ಕೊಟ್ಟದ್ದಕ್ಕಿಂತ ಹೆಚ್ಚನ್ನು ಪಡೆಯಲಾಗದು.

ಹಾಗಾದರೆ ಕೊಟ್ಟವರು ಯಾರು? ನಮ್ಮ ಕೈ. ಸರಾಸರಿ 20 ನ್ಯೂಟನ್ ಬಲದಿಂದ ಹಿಡಿಕೆಯನ್ನು 5 ಸೆಂಟಿಮೀಟರ್ ಎಳೆದರೆ ನಾವು ವ್ಯಯಿಸಿದ್ದು 1 ಜೂಲ್. ಗುಂಡು ಸೆಕೆಂಡಿಗೆ 50 ಮೀಟರ್ ವೇಗದಲ್ಲಿ ಹೊರಟರೆ ಅದರ ಚಲನಶಕ್ತಿ ಕಾಲು ಜೂಲ್. ಉಳಿದದ್ದು ಸದ್ದು, ಕಾವು, ಸೋರಿಕೆ, ಪಿಸ್ಟನ್ನಿನ ಬಡಿತಗಳಲ್ಲಿ ಕಳೆದುಹೋಗುತ್ತದೆ. ಕಾಲು ಜೂಲೆಂದರೆ 25 ಗ್ರಾಂನ ವಸ್ತುವೊಂದು 1 ಮೀಟರ್ ಎತ್ತರದಿಂದ ಬಿದ್ದಂತೆ, ಅಷ್ಟೇ. ಆದರೆ ಇಲ್ಲಿ ಅದಷ್ಟೂ ಒಂದು ಕಾಳುಮೆಣಸಿಗಿಂತ ತುಸು ದೊಡ್ಡದಾದ ಗಟ್ಟಿ ಗುಂಡಿನಲ್ಲಿ ತುಂಬಿರುತ್ತದೆ. ಬೆನ್ನಿಗೆ ತಗುಲಿದರೆ ಚುರುಕ್ಕೆನ್ನುತ್ತದೆ. ಕಣ್ಣಿಗೆ ತಗುಲಿದರೆ ಆ ಮಾತೇ ಬೇರೆ.

2006ರಲ್ಲಿ ನಮ್ಮ ಒಂಬತ್ತನೆಯ ತರಗತಿಯ ಹುಡುಗನೊಬ್ಬ ಜಾತ್ರೆಯಿಂದ ತಂದ ಬಂದೂಕನ್ನು ಬಿಡುವಿನ ವೇಳೆಯಲ್ಲಿ ಗೆಳೆಯನತ್ತ ತಿರುಗಿಸಿದ. ಗುಂಡುಗಳ ಪೆಟ್ಟಿಗೆಯನ್ನು ಹೊರತೆಗೆದಿದ್ದರಿಂದ ಬಂದೂಕು ಖಾಲಿಯೆಂದೇ ಅವನ ಎಣಿಕೆ. ಕೊಳವೆಯ ಬುಡದಲ್ಲಿ ಒಂದು ಉಳಿದಿತ್ತು. ಗೆಳೆಯನ ಕಣ್ಣಿನ ಮುಂಭಾಗದಲ್ಲಿ ರಕ್ತ ತುಂಬಿತು. ವೈದ್ಯರು ಕಣ್ಣನ್ನು ಉಳಿಸಿದರು, ದೃಷ್ಟಿ ಮೊದಲಿನಂತಾಗಲಿಲ್ಲ. ಹೊಡೆದವನು ಆ ತಿಂಗಳ ಪರೀಕ್ಷೆಯಲ್ಲಿ ಬಾಯ್ಲ್ ನಿಯಮದ ಪ್ರಶ್ನೆಗೆ ಪೂರ್ಣ ಅಂಕ ಪಡೆದಿದ್ದ. ಇಬ್ಬರೂ ಇಂದು ಮಕ್ಕಳ ತಂದೆಯರು, ಇಂದಿಗೂ ಸ್ನೇಹಿತರು. ಹೆಸರು ಹೇಳಲಾರೆ.

ನಿಮ್ಮಲ್ಲಿ ಅನೇಕರ ಮನೆಗಳಲ್ಲಿ ಈಗ ಮಕ್ಕಳಿದ್ದಾರೆ. 2021ರ ಜನವರಿ 1ರಿಂದ ಆಟಿಕೆಗಳಿಗೆ ಐಎಸ್‌ಐ ಮುದ್ರೆ ಕಡ್ಡಾಯವಾಗಿದೆ. ಕೊಳ್ಳುವಾಗ ಅದನ್ನು ನೋಡಿ, ಗಟ್ಟಿ ಗುಂಡಿನದನ್ನು ಬಿಟ್ಟು ಮೆತ್ತನೆಯ ಸ್ಪಂಜಿನದನ್ನು ಆರಿಸಿ. ಮೆತ್ತನೆಯದನ್ನೂ ಮುಖದತ್ತ ಗುರಿಯಿಡಕೂಡದೆಂದು ಹೇಳಿಕೊಡಿ. ಕಣ್ಣಿಗೆ ಪೆಟ್ಟಾದರೆ ಉಜ್ಜಬೇಡಿ, ಒತ್ತಬೇಡಿ, ಮನೆಯ ಔಷಧಿ ಹಾಕಬೇಡಿ. ನೋವು ಇಳಿದರೂ ಕೂಡಲೇ ನೇತ್ರವೈದ್ಯರಲ್ಲಿಗೆ ಕರೆದೊಯ್ಯಿರಿ.

ಜೊತೆಗೆ, ಬಿಡುವಿದ್ದಾಗ ಮಗುವಿನ ಕೈಗೆ ಸೂಜಿಯಿಲ್ಲದ ಒಂದು ಸಿರಿಂಜನ್ನು ಕೊಡಿ. ಬಾಯನ್ನು ಬೆರಳಿನಿಂದ ಮುಚ್ಚಿ ಅದರ ದಂಡವನ್ನು ಅದುಮಲು ಹೇಳಿ. ಗಾಳಿ ಕೈಯನ್ನು ಹಿಂದಕ್ಕೆ ದೂಡುವುದು ಅದಕ್ಕೇ ತಿಳಿಯುತ್ತದೆ. ಆ ದೂಡುವಿಕೆಯನ್ನು ಒಮ್ಮೆ ಬೆರಳಿನಲ್ಲಿ ಅನುಭವಿಸಿದ ಮಗುವಿಗೆ ಬಂದೂಕಿನ ಬಾಯಿ ಯಾರತ್ತಲೂ ತಿರುಗಕೂಡದೇಕೆಂದು ವಿವರಿಸುವುದು ಸುಲಭ.